ಮುಳುಗಿದ ಮನೆಯ ಚಿತ್ರ

ಕೃತಕ ಬುದ್ಧಿಮತ್ತೆಯ ಸಾಧನಗಳಿಂದ ಚಲಿಸುವ ಚಿತ್ರಗಳನ್ನು ತಯಾರಿಸುವಾಗ, ಮೊದಲಿನಿಂದ ಕೊನೆಯವರೆಗೆ ಒಂದೇ ತೆರನಾದ ಫಲವನ್ನು ಮಿತವಾದ ಖರ್ಚಿನಲ್ಲಿ ಪಡೆಯುವುದು ಹೇಗೆ? ಇಂದು ನಾನು ಮಾತನಾಡಬೇಕಾದ ವಿಷಯ ಇದು. ವಿಷಯದ ಹೆಸರು ಹೇಳುವಷ್ಟರಲ್ಲೇ ಒಂದು ಉಸಿರು ಮುಗಿಯಿತು. ಆದ್ದರಿಂದ ಶಾಸ್ತ್ರವನ್ನು ಬದಿಗಿಟ್ಟು, ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಯತ್ನದ ಕಥೆಯಿಂದ ಆರಂಭಿಸುತ್ತೇನೆ.

ಶರಾವತಿಗೆ ಲಿಂಗನಮಕ್ಕಿಯಲ್ಲಿ ಕಟ್ಟಿದ ಅಣೆಕಟ್ಟು ಪೂರ್ಣಗೊಂಡದ್ದು 1964ರಲ್ಲಿ. ಅದರ ಹಿನ್ನೀರಿನಲ್ಲಿ ಮುಳುಗಿಹೋದ ಮನೆಗಳಲ್ಲಿ ನಮ್ಮದೂ ಒಂದು. ಆಗ ನನಗೆ ನಾಲ್ಕು ವರ್ಷ, ನನ್ನ ಅಕ್ಕನಿಗೆ ಹದಿನೆಂಟು. ಆ ಮನೆಯ ಒಂದು ಛಾಯಾಚಿತ್ರವೂ ನಮ್ಮ ಬಳಿ ಇಲ್ಲ. ನನ್ನ ನೆನಪಿನಲ್ಲಿ ಉಳಿದಿರುವುದು ಜಗಲಿಯ ತಂಪು ಮತ್ತು ಒಲೆಯ ಹೊಗೆ, ಅಷ್ಟೆ. ಅಕ್ಕನಿಗೆ ಮಾತ್ರ ಮನೆಯ ಮೂಲೆ ಮೂಲೆಯೂ ನೆನಪಿದೆ. ಆದರೆ ಗ್ಲಾಕೋಮಾ ಎಂಬ ಬೇನೆಯಿಂದ ಅವಳ ಕಣ್ಣಿನ ಬೆಳಕು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಕಳೆದ ಮಳೆಗಾಲದಲ್ಲಿ ಅವಳು, "ತಮ್ಮಾ, ಕಂಪ್ಯೂಟರಿನಲ್ಲಿ ಏನು ಬೇಕಾದರೂ ಬರಿಸುತ್ತಾರಂತಲ್ಲ, ಕಣ್ಣು ಪೂರ್ತಿ ಹೋಗುವುದರೊಳಗೆ ನಮ್ಮ ಮನೆಯನ್ನೊಮ್ಮೆ ತೋರಿಸಲಾದೀತೇ?" ಎಂದು ಕೇಳಿದಳು.

ಇಂಜಿನಿಯರಿಂಗ್ ಓದುತ್ತಿರುವ ಅವಳ ಮೊಮ್ಮಗ ಕಂಪ್ಯೂಟರಿನ ಮುಂದೆ ಕುಳಿತ, ನಾನು ಅವನ ಪಕ್ಕದಲ್ಲಿ ಕುಳಿತೆ. "ಮಲೆನಾಡಿನ ಹಳೆಯ ಮನೆ, ಸೋಗೆಯ ಮಾಡು, ಅಂಗಳದಲ್ಲಿ ತುಳಸಿಕಟ್ಟೆ, ಸುತ್ತ ಅಡಿಕೆಯ ತೋಟ, ಮಳೆ" ಎಂದು ಬರೆದುಕೊಟ್ಟೆವು. ಒಂದು ನಿಮಿಷ ಕಳೆಯುವಷ್ಟರಲ್ಲಿ ಎಂಟು ಸೆಕೆಂಡಿನ ಚಿತ್ರ ಮೂಡಿತು. ಅದರ ಅಂದವನ್ನು ನೋಡಿ ನಾವಿಬ್ಬರೂ ಮೂಕರಾದೆವು. ಎರಡನೆಯ ಚಿತ್ರವೂ ಅಷ್ಟೇ ಅಂದವಾಗಿ ಬಂತು, ಆದರೆ ಅದು ಬೇರೆಯೇ ಮನೆ. ಮೂರನೆಯದರಲ್ಲಿ ಸೋಗೆಯ ಬದಲು ಹಂಚು ಬಂತು. ನಾಲ್ಕನೆಯದರಲ್ಲಿ ಜಗಲಿ ಮಾಯವಾಗಿ, ತುಳಸಿಕಟ್ಟೆಯ ಜಾಗದಲ್ಲಿ ಯಾವುದೋ ಉದ್ಯಾನವನದ ಕಾರಂಜಿ ನಿಂತಿತ್ತು. ಹೀಗೆ 64 ತುಣುಕುಗಳನ್ನು ಮಾಡಿಸಿದೆವು. ಸೆಕೆಂಡಿಗೆ ಸುಮಾರು 13 ರೂಪಾಯಿಯಂತೆ 6,656 ರೂಪಾಯಿ ಖರ್ಚಾಯಿತು. ಅಕ್ಕ ಎಲ್ಲವನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿ, "ಚೆನ್ನಾಗಿದೆ, ಆದರೆ ಇದು ಯಾರ ಮನೆ?" ಎಂದಳು. ಉಳಿಸಿಕೊಳ್ಳಲು ಯೋಗ್ಯವಾದದ್ದು ಒಂಬತ್ತು ಸೆಕೆಂಡು ಮಾತ್ರ. ಅದು ತೋಟದ ಮೇಲೆ ಮಳೆ ಸುರಿಯುವ ದೃಶ್ಯ, ಅದರಲ್ಲಿ ಮನೆಯೇ ಇರಲಿಲ್ಲ. ಕೆಲಸಕ್ಕೆ ಬಂದ ಒಂದೊಂದು ಸೆಕೆಂಡಿಗೆ ಸುಮಾರು 740 ರೂಪಾಯಿ ಬಿದ್ದಿತು.

ಹೀಗಾಗಲು ಕಾರಣವೇನೆಂಬುದನ್ನು ತಿಳಿಯದೆ ಮುಂದಿನ ಮಾತು ಅರ್ಥವಾಗದು. ಹಳೆಯ ಟೆಲಿವಿಷನ್ನಿನಲ್ಲಿ ಪ್ರಸಾರ ಮುಗಿದ ಮೇಲೆ ಕಾಣುತ್ತಿದ್ದ ಚುಕ್ಕೆಗಳ ಮಳೆಯನ್ನು ನೆನಪಿಸಿಕೊಳ್ಳಿ. ಈ ಯಂತ್ರಗಳು ಚಿತ್ರವನ್ನು ಆರಂಭಿಸುವುದು ಅಂಥ ಅರ್ಥವಿಲ್ಲದ ಚುಕ್ಕೆಗಳ ರಾಶಿಯಿಂದ. ನಾವು ಕೊಟ್ಟ ಮಾತುಗಳಿಗೆ ಹೊಂದುವಂತೆ, ತಾವು ಹಿಂದೆ ಕಲಿತ ಲಕ್ಷೋಪಲಕ್ಷ ಚಿತ್ರಗಳ ಅನುಭವದ ಬಲದಿಂದ, ಆ ರಾಶಿಯನ್ನು ಹಂತ ಹಂತವಾಗಿ ತಿಳಿಗೊಳಿಸುತ್ತಾ ಹೋಗುತ್ತವೆ. ಪ್ರತಿ ಸಲವೂ ರಾಶಿ ಬೇರೆ. ಹಿಂದಿನ ತುಣುಕಿನಲ್ಲಿ ಎಂಥ ಮನೆಯನ್ನು ಕಟ್ಟಿದ್ದೆ ಎಂಬ ನೆನಪು, ನಾವಾಗಿ ಒದಗಿಸದ ಹೊರತು, ಯಂತ್ರಕ್ಕಿಲ್ಲ. "ಹಳೆಯ ಮನೆ" ಎಂಬ ಎರಡು ಮಾತಿಗೆ ಹೊಂದುವ ಮನೆಗಳು ಲಕ್ಷ ಇರುವಾಗ, ಅದು ಪ್ರತಿ ಸಲವೂ ಬೇರೊಂದನ್ನು ಆರಿಸಿಕೊಂಡರೆ ತಪ್ಪು ಅದರದೆನ್ನಲಾಗದು. ಮೊದಲ ಚುಕ್ಕೆಗಳ ರಾಶಿಯನ್ನು ಗುರುತಿಸುವ 'ಸೀಡ್' ಎಂಬ ಸಂಖ್ಯೆಯೊಂದನ್ನು ಕೆಲವು ಸಾಧನಗಳು ಕೊಡುತ್ತವೆ. ಅದೇ ಸಂಖ್ಯೆ, ಅದೇ ಮಾತುಗಳಾದರೆ ಚಿತ್ರವೂ ಬಹುಮಟ್ಟಿಗೆ ಅದೇ ಆಗುತ್ತದೆ. ಆದರೆ ಮಾತು ಸ್ವಲ್ಪ ಬದಲಾದರೂ ಮನೆಯೇ ಬದಲಾಗಬಹುದು. ಇದನ್ನೊಂದು ಮಂತ್ರವೆಂದು ನಂಬಿದವರು ನಿರಾಶರಾಗುತ್ತಾರೆ.

ಈ ಕಷ್ಟ ಪಳಗಿದ ಕೈಗಳಿಗೂ ತಪ್ಪಿದ್ದಲ್ಲ. 'ಸೋರಾ' ಎಂಬ ಸಾಧನವನ್ನು ಓಪನ್‌ಎಐ ಸಂಸ್ಥೆ 2024ರ ಫೆಬ್ರವರಿಯಲ್ಲಿ ಪ್ರಕಟಿಸಿದಾಗ, ಅದನ್ನು ಬಳಸಿ ನೋಡಲು ಕೆನಡಾದ ಟೊರಾಂಟೊ ನಗರದ 'ಶೈ ಕಿಡ್ಸ್' ಎಂಬ ತಂಡಕ್ಕೆ ಅವಕಾಶ ದೊರೆಯಿತು. ಅವರು ಮಾಡಿದ 'ಏರ್ ಹೆಡ್' ಎಂಬ ಕಿರುಚಿತ್ರದ ನಾಯಕನಿಗೆ ತಲೆಯ ಬದಲು ಒಂದು ಹಳದಿ ಬಲೂನಿದೆ. ಮುಖವೇ ಇಲ್ಲದ ನಾಯಕನೆಂದರೆ ಮುಖ ಬದಲಾಗುವ ತೊಂದರೆಯೇ ಇಲ್ಲವಲ್ಲ ಎಂದು ನಮಗನ್ನಿಸುತ್ತದೆ. ಆದರೆ ಬಲೂನಿನ ಬಣ್ಣ ತುಣುಕಿನಿಂದ ತುಣುಕಿಗೆ ಬದಲಾಗುತ್ತಿತ್ತು, ಬೇಡವೆಂದರೂ ಅದರ ಮೇಲೆ ಮುಖ ಮೂಡುತ್ತಿತ್ತು. ಅವನ್ನೆಲ್ಲ ಸಂಕಲನದ ಮೇಜಿನ ಮೇಲೆ ಕೈಯಿಂದಲೇ ತಿದ್ದಬೇಕಾಯಿತು. ಕೊನೆಗೆ ಬಳಸಿಕೊಂಡ ಒಂದು ಪಾಲಿಗೆ ಸುಮಾರು 300 ಪಾಲು ಚಿತ್ರವನ್ನು ಮಾಡಿಸಿದ್ದಿರಬಹುದೆಂದು ಅವರಲ್ಲೊಬ್ಬರು ಅಂದಾಜು ಹೇಳಿದ್ದಾರೆ. ಚಿತ್ರದ ಉದ್ದ 80 ಸೆಕೆಂಡು ಎಂದು ಹಿಡಿದರೂ 24,000 ಸೆಕೆಂಡು ಆಯಿತು. 2025ರ ಸೆಪ್ಟೆಂಬರಿನಲ್ಲಿ ಗೂಗಲ್ ಸಂಸ್ಥೆ ತನ್ನ 'ವಿಯೋ 3' ಸಾಧನಕ್ಕೆ ಇಳಿಸಿದ ದರ ಸೆಕೆಂಡಿಗೆ 40 ಸೆಂಟ್. ಆ ಲೆಕ್ಕದಲ್ಲಿ 9,600 ಡಾಲರ್, ಎಂದರೆ ಎಂಟು ಲಕ್ಷ ರೂಪಾಯಿಗೂ ಮೇಲೆ. ಕನ್ನಡದಲ್ಲಿ 2025ರಲ್ಲಿ, ನಟರೂ ಕ್ಯಾಮೆರಾವೂ ಇಲ್ಲದೆ ಇದೇ ಬಗೆಯ ಸಾಧನಗಳಿಂದ ತಯಾರಾದ 'ಲವ್ ಯೂ' ಎಂಬ ಪೂರ್ಣಪ್ರಮಾಣದ ಚಲನಚಿತ್ರಕ್ಕೆ ಸುಮಾರು 10 ಲಕ್ಷ ರೂಪಾಯಿ ತಗಲಿತೆಂದು ಪತ್ರಿಕೆಗಳು ಬರೆದವು. ಸಿನಿಮಾದವರಿಗೆ ಅದು ಪುಡಿಗಾಸು. ನಿವೃತ್ತ ಮೇಷ್ಟರಾದ ನನ್ನಂಥವರಿಗೆ ಅದರ ನೂರರಲ್ಲೊಂದು ಪಾಲೂ ಯೋಚಿಸಿ ಕೊಡಬೇಕಾದ ಹಣವೇ.

ಫಿಲ್ಮ್ ಸುರುಳಿಯ ಕಾಲದಲ್ಲಿ ಈ ಮಿತವ್ಯಯವನ್ನು ಹೇಗೆ ಸಾಧಿಸುತ್ತಿದ್ದರು? 35 ಮಿಲಿಮೀಟರಿನ ಸಾವಿರ ಅಡಿಯ ಸುರುಳಿ ಓಡುವುದು ಹನ್ನೊಂದು ನಿಮಿಷ. ಪ್ರತಿ ಅಡಿಗೂ ಬೆಲೆಯಿದ್ದುದರಿಂದ, ಹಣವಿಲ್ಲದ ನಿರ್ದೇಶಕ ಹತ್ತು ಸಲ ಅಭ್ಯಾಸ ಮಾಡಿಸಿ ಎರಡು ಸಲ ಕ್ಯಾಮೆರಾ ತಿರುಗಿಸುತ್ತಿದ್ದ. 1955ರಲ್ಲಿ ತೆರೆಗೆ ಬಂದ 'ಪಥೇರ್ ಪಾಂಚಾಲಿ'ಗೆ ಸತ್ಯಜಿತ್ ರಾಯರು ವಿಧಿವತ್ತಾದ ಚಿತ್ರಕಥೆಯ ಹಸ್ತಪ್ರತಿಯ ಬದಲು ದೃಶ್ಯಗಳನ್ನೇ ಪುಸ್ತಕವೊಂದರಲ್ಲಿ ಬರೆದಿಟ್ಟುಕೊಂಡಿದ್ದರು. ನೋಡಬೇಕಾದುದನ್ನು ಕಾಗದದ ಮೇಲೆ ಮೊದಲೇ ನೋಡಿಬಿಟ್ಟಿದ್ದರು. ನಾವು ಮಾಡಿದ್ದು ಇದಕ್ಕೆ ತಲೆಕೆಳಗು. ನೋಡುವ ಕೆಲಸವನ್ನೂ ಯಂತ್ರಕ್ಕೇ ವಹಿಸಿ, ಅದು ನೋಡಿದ್ದಕ್ಕೆಲ್ಲ ನಾವು ಹಣ ತೆತ್ತಿದ್ದೆವು.

ಎರಡನೆಯ ಪ್ರಯತ್ನಕ್ಕೆ ಮೊದಲು ಹದಿನೈದು ದಿನ ಕಂಪ್ಯೂಟರನ್ನು ಮುಟ್ಟಲಿಲ್ಲ. ಒಂದು ಬೆಳಿಗ್ಗೆ ಅಂಗಳ ಸಾರಿಸಿ, ಅಕ್ಕನ ಕೈಗೆ ರಂಗೋಲಿಯ ಬಟ್ಟಲು ಕೊಟ್ಟೆವು. ಕಣ್ಣು ಮಂಜಾದರೂ ಬೆರಳಿಗೆ ದಾರಿ ಗೊತ್ತಿತ್ತು. ಹೆಬ್ಬಾಗಿಲು, ಜಗಲಿ, ಜಗಲಿಗೆ ನಾಲ್ಕು ಕಂಬ, ನಡುಮನೆ, ಎಡಕ್ಕೆ ದೇವರ ಕೋಣೆ, ಹಿಂದೆ ಬಚ್ಚಲುಮನೆ, ಬಲಕ್ಕೆ ಕೊಟ್ಟಿಗೆ, ಹೀಗೆ ನಿಲ್ಲದೆ ಎಳೆಯುತ್ತಾ ಹೋದಳು. ಬಾವಿಯ ಬಳಿ ಮಾತ್ರ ಕೈ ತಡೆಯಿತು. "ಬಾವಿ ಬಚ್ಚಲಿಗೆ ಇಷ್ಟು ದೂರವಿರಲಿಲ್ಲ. ಆಯಿ ನೀರು ಸೇದಿ ತಿರುಗಿದರೆ ಏಳು ಹೆಜ್ಜೆ" ಎಂದು ಅಳಿಸಿ, ತಾನೇ ಎದ್ದು ಏಳು ಹೆಜ್ಜೆ ನಡೆದು ಗುರುತು ಹಾಕಿದಳು. ನಾವು ಅದರ ಫೋಟೋ ತೆಗೆದುಕೊಂಡೆವು. ಈ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ದಾಖಲೆ ಅದೇ.

ಆ ರಂಗೋಲಿಯನ್ನು ನೋಡಿ ಮನೆಯ ಜಾತಕವೆನ್ನಬಹುದಾದ ಒಂದು ಪರಿಚ್ಛೇದವನ್ನು ಬರೆದೆವು. ಕಂಬಗಳೆಷ್ಟು, ಮಾಡಿನ ಇಳಿಜಾರೆಷ್ಟು, ಗೋಡೆಯ ಬಣ್ಣವೇನು, ಬೆಳಕು ಯಾವ ಹೊತ್ತಿನದು, ಎಲ್ಲವೂ ಅದರಲ್ಲಿತ್ತು. ಮುಂದೆ ಪ್ರತಿ ಸಲವೂ ಅದೇ ಮಾತುಗಳನ್ನು ಅದೇ ಅನುಕ್ರಮದಲ್ಲಿ ಕೊಟ್ಟೆವು. ಸಾಹಿತ್ಯದ ಅಭ್ಯಾಸವಿದ್ದವರಿಗೆ ಇದು ಕಷ್ಟ. ಒಂದೇ ಮಾತನ್ನು ಎರಡು ಸಲ ಬಳಸಲು ನಮಗೆ ನಾಚಿಕೆ. ಆದರೆ ಒಮ್ಮೆ "ಕೆಮ್ಮಣ್ಣಿನ ಗೋಡೆ" ಎಂದವನು ಮತ್ತೊಮ್ಮೆ "ಅರುಣವರ್ಣದ ಭಿತ್ತಿ" ಎಂದರೆ ಯಂತ್ರ ಇನ್ನೊಂದು ಗೋಡೆಯನ್ನೇ ಕಟ್ಟಿಬಿಡುತ್ತದೆ. ಇನ್ನೊಂದು ಮಾತು: ಬೇಡವಾದದ್ದನ್ನು ಹೆಸರಿಸಬಾರದು. "ಹಂಚು ಇರಕೂಡದು" ಎಂದು ಬರೆದಾಗಲೆಲ್ಲ ನಮಗೆ ಹಂಚೇ ಬಂತು. ಇಲ್ಲ ಎಂಬುದಕ್ಕಿಂತ ಹಂಚು ಎಂಬುದು ಅದಕ್ಕೆ ಹೆಚ್ಚು ಚೆನ್ನಾಗಿ ಕೇಳಿಸುತ್ತದೆಯೋ ಏನೋ. ಬೇಡದ್ದನ್ನು ಬರೆಯಲು ಪ್ರತ್ಯೇಕ ಜಾಗವಿರುವ ಸಾಧನಗಳಲ್ಲಿ ಅಲ್ಲಿ ಬರೆಯಬೇಕು, ಇಲ್ಲದಿದ್ದರೆ ಬೇಕಾದದ್ದನ್ನಷ್ಟೇ ಹೇಳಬೇಕು.

ಇಷ್ಟಾದರೂ ಸೋಗೆಯ ಮಾಡು ಮಾತಿಗೆ ಒಲಿಯಲಿಲ್ಲ. ಹುಲ್ಲಿನ ಗುಡಿಸಲೋ ತೆಂಗಿನ ಗರಿಯ ಚಪ್ಪರವೋ ಬರುತ್ತಿತ್ತು. ಅಡಿಕೆಯ ಸೋಗೆ ಹೊದಿಸಿದ ಮನೆಯನ್ನು ಯಂತ್ರ ಹೆಚ್ಚಾಗಿ ನೋಡಿರಲಾರದು. ಅದು ನೋಡದಿರುವುದನ್ನು ವರ್ಣನೆಯಿಂದ ಕಲಿಸಹೊರಟರೆ ಹಣ ಹಾಳು. ನೆಂಟರ ತೋಟದಲ್ಲಿ ಸೋಗೆ ಹೊದಿಸಿದ ಹಳೆಯ ಕೊಟ್ಟಿಗೆಯೊಂದಿತ್ತು. ಮೊಮ್ಮಗ ಬಸ್ಸು ಹತ್ತಿ ಹೋಗಿ ಅದರ ಫೋಟೋ ತೆಗೆದು ತಂದ. ಆ ಫೋಟೋವನ್ನು ಮಾದರಿಯಾಗಿ ಕೊಟ್ಟ ಮೇಲೆ ಒಂದೇ ದಿನದಲ್ಲಿ ಮಾಡು ಸರಿಹೋಯಿತು. ಬಸ್ಸಿನ ಖರ್ಚು ಎರಡು ತುಣುಕುಗಳ ಬೆಲೆಗಿಂತ ಕಡಿಮೆ.

ಮುಖ್ಯವಾದ ಬದಲಾವಣೆಯೆಂದರೆ, ಈ ಸಲ ಚಲನೆಯನ್ನು ಕೊನೆಗಿಟ್ಟು, ಮೊದಲು ನಿಶ್ಚಲಚಿತ್ರಗಳನ್ನು ಮಾಡಿಸಿದ್ದು. ಒಂದು ನಿಶ್ಚಲಚಿತ್ರಕ್ಕೆ ನಮಗೆ ತಗಲಿದ್ದು ಮೂರೂವರೆ ರೂಪಾಯಿ, ಎಂಟು ಸೆಕೆಂಡಿನ ತುಣುಕಿಗೆ ನೂರಕ್ಕೂ ಮೇಲೆ. ಜಗಳವಾಡುವುದಿದ್ದರೆ ಮೂರೂವರೆ ರೂಪಾಯಿಯ ವಸ್ತುವಿನೊಡನೆ ಆಡುವುದು ಲೇಸಲ್ಲವೇ? 140 ಚಿತ್ರಗಳನ್ನು ಮಾಡಿಸಿ, ಪ್ರತಿಯೊಂದನ್ನೂ ಅಕ್ಕನ ಮುಂದಿಟ್ಟು, ಅವಳು ಹೌದೆಂದವುಗಳನ್ನು ಮಾತ್ರ ಇಟ್ಟುಕೊಂಡೆವು. ಆಮೇಲೆ ಆ ಚಿತ್ರವನ್ನೇ ತುಣುಕಿನ ಮೊದಲ ಚೌಕಟ್ಟಾಗಿ ಕೊಟ್ಟು, ಇದು ಚಲಿಸಲಿ ಎಂದರಾಯಿತು. ಮನೆ ಹೇಗಿರಬೇಕೆಂದು ಯಂತ್ರ ಊಹಿಸಬೇಕಾದ ಅಗತ್ಯವೇ ಉಳಿಯುವುದಿಲ್ಲ. ಒಂದೇ ಚಿತ್ರವನ್ನು ಆಧಾರವಾಗಿ ಕೊಟ್ಟು ಅದೇ ವ್ಯಕ್ತಿಯನ್ನು ದೃಶ್ಯದಿಂದ ದೃಶ್ಯಕ್ಕೆ ಒಯ್ಯುವ ಸೌಲಭ್ಯವನ್ನು ರನ್‌ವೇ ಸಂಸ್ಥೆ 2025ರ ಮಾರ್ಚಿನಲ್ಲಿ ತನ್ನ 'ಜೆನ್-4' ಎಂಬ ಸಾಧನದಲ್ಲಿ ತಂದಿತು, ಬೇರೆಯವರೂ ತಂದಿದ್ದಾರೆ. ಆದರೆ ಆಧಾರದ ಚಿತ್ರವೇ ತಪ್ಪಿದ್ದರೆ ಆ ತಪ್ಪೂ ಅಷ್ಟೇ ನಿಷ್ಠೆಯಿಂದ ಮುಂದುವರಿಯುತ್ತದೆ.

ತುಣುಕಿನ ಉದ್ದವನ್ನು ಎಂಟರಿಂದ ನಾಲ್ಕು ಸೆಕೆಂಡಿಗೆ ಇಳಿಸಿದೆವು. ನಾವು ಕಂಡಂತೆ ಕೆಡುವುದೆಲ್ಲ ಕೊನೆಯ ಭಾಗದಲ್ಲಿ, ಕಂಬ ಕರಗುವುದೂ ಕೈಗೆ ಆರನೆಯ ಬೆರಳು ಮೂಡುವುದೂ ಅಲ್ಲಿಯೇ. ಒಂದು ತುಣುಕಿಗೆ ಒಂದೇ ಚಲನೆ ಎಂಬ ನಿಯಮವನ್ನೂ ಮಾಡಿಕೊಂಡೆವು. ಮಳೆ ಬೀಳುವಾಗ ಕ್ಯಾಮೆರಾ ನಿಂತಿರಬೇಕು, ಕ್ಯಾಮೆರಾ ಸರಿಯುವಾಗ ಮನುಷ್ಯ ನಿಂತಿರಬೇಕು. ಮೂರು ಸಲ ಮಾಡಿಸಿಯೂ ಸರಿಬರದಿದ್ದರೆ ನಾಲ್ಕನೆಯ ಸಲಕ್ಕೆ ಕೈಹಾಕದೆ ದೃಶ್ಯವನ್ನೇ ಬದಲಿಸುತ್ತಿದ್ದೆವು. ನಮ್ಮ ಆಯಿಯ ಮುಖವನ್ನು ನಾವು ತೋರಿಸಲೇ ಇಲ್ಲ. ಯಾರದೋ ಮುಖಕ್ಕೆ ಆಯಿ ಎನ್ನಲು ಅಕ್ಕನಿಗೂ ಮನಸ್ಸಿರಲಿಲ್ಲ. ಕೊಡವನ್ನು ಸೊಂಟಕ್ಕಿಟ್ಟು ಏಳು ಹೆಜ್ಜೆ ನಡೆಯುವ ಪಾದಗಳಷ್ಟೇ ಸಾಕಾದವು. ಮಾತಿಗೆ ಅಕ್ಕನ ದನಿಯನ್ನೇ ಹಿಡಿದುಕೊಂಡೆವು. ಕೆಲವು ಸಾಧನಗಳಲ್ಲಿ ಧ್ವನಿಯಿಲ್ಲದ ಚಿತ್ರಕ್ಕೆ ದರವೂ ಕಡಿಮೆ. ಸೆಕೆಂಡಿಗೆ 15 ಸೆಂಟಿನ ಅಗ್ಗದ ಬಗೆ ಸಾಕೇ, 40 ಸೆಂಟಿನ ದುಬಾರಿಯದು ಬೇಕೇ ಎಂಬ ಚರ್ಚೆಯೂ ನಡೆಯಿತು. ಮಳೆಯಲ್ಲಿ ಮಸುಕಾದ ಮನೆಗೆ ಅಗ್ಗದ್ದೇ ಸಾಕು ಎಂದು ನಾನು ಹಟ ಹಿಡಿದೆ. ಚಂದಾ ಕಟ್ಟುವವರಿಗೆ ಒಂದು ಮಾತು: ಎಷ್ಟೋ ಕಡೆ ಆ ತಿಂಗಳ ಪಾಲು ಆ ತಿಂಗಳಿಗೇ ಮುಗಿಯುತ್ತದೆ. ನಿಶ್ಚಲಚಿತ್ರಗಳೆಲ್ಲ ಸಿದ್ಧವಾದ ಮೇಲೆಯೇ ಹಣ ಕಟ್ಟುವುದು ಒಳ್ಳೆಯದು.

ಕಿರಾಣಿ ಅಂಗಡಿಯವರಂತೆ ಪುಸ್ತಕದಲ್ಲಿ ಲೆಕ್ಕ ಬರೆದೆವು. ತುಣುಕಿನ ಸಂಖ್ಯೆ, ಕೊಟ್ಟ ಮಾತು, ಖರ್ಚು, ಕೊನೆಗೆ ಉಳಿದ ಸೆಕೆಂಡುಗಳು. 85 ತುಣುಕು, 340 ಸೆಕೆಂಡು, 4,420 ರೂಪಾಯಿ. ನಿಶ್ಚಲಚಿತ್ರಗಳಿಗೆ 490. ಒಟ್ಟು 4,910 ರೂಪಾಯಿಗೆ ಕೆಲಸಕ್ಕೆ ಬಂದದ್ದು 107 ಸೆಕೆಂಡು, ಎಂದರೆ ಸೆಕೆಂಡಿಗೆ 46 ರೂಪಾಯಿಯಷ್ಟು. ಬರಹದ ಫಲಕಗಳೂ ಸೇರಿ ಚಿತ್ರ ಎರಡು ನಿಮಿಷ ಏಳು ಸೆಕೆಂಡಿನದಾಯಿತು. ಇದು ನೆನಪಿನಿಂದ ಯಂತ್ರ ಬರೆದ ಚಿತ್ರ, ಛಾಯಾಚಿತ್ರವಲ್ಲ ಎಂದು ಮೊದಲ ಫಲಕದಲ್ಲೇ ಬರೆದಿದ್ದೇವೆ. ನಾಳೆ ಮರಿಮಕ್ಕಳು ಇದನ್ನೇ ನಿಜವಾದ ಮನೆಯೆಂದು ತಿಳಿದಾರು ಎಂಬ ಅಳುಕು ನನಗೆ ಈಗಲೂ ಇದೆ.

ದೀಪಾವಳಿಯ ಮರುದಿನ ಅಕ್ಕನಿಗೆ ತೋರಿಸಿದೆವು. ಟೆಲಿವಿಷನ್ನಿನಿಂದ ಒಂದು ಮಾರು ದೂರದಲ್ಲಿ ಕುಳಿತು ಎರಡು ಸಲ ಮಾತಿಲ್ಲದೆ ನೋಡಿದಳು. ಮೂರನೆಯ ಸಲ ಕೊಟ್ಟಿಗೆಯ ದೃಶ್ಯ ಬಂದಾಗ ನಿಲ್ಲಿಸಲು ಹೇಳಿದಳು. ಕಪ್ಪು ಬಿಳುಪು ಮಚ್ಚೆಯ ದೊಡ್ಡ ಸೀಮೆ ಹಸುವೊಂದು ಅಲ್ಲಿ ಮೆಲುಕು ಹಾಕುತ್ತಿತ್ತು. ಕಂಬ ಎಣಿಸುವ ಭರದಲ್ಲಿ ನಾವಿಬ್ಬರೂ ಅದನ್ನು ಗಮನಿಸಿರಲೇ ಇಲ್ಲ. "ಇದು ನಮ್ಮದಲ್ಲ, ನಮ್ಮಲ್ಲಿದ್ದದ್ದು ಮಲೆನಾಡ ಗಿಡ್ಡ" ಎಂದಳು. ಮೊಮ್ಮಗ ಮತ್ತೆ ಮಾಡಿಸಲು ಹೊರಟ. ಅಕ್ಕ ಬೇಡವೆಂದಳು. "ದನ ಕಾಣದಿದ್ದರೂ ಪರವಾಗಿಲ್ಲ, ಗಂಟೆಯ ಸದ್ದು ಕೇಳಿದರೆ ಸಾಕು." ಆ ಮೂರು ಸೆಕೆಂಡನ್ನು ತೆಗೆದು, ಮೊದಲೇ ಆರಿಸಿಟ್ಟಿದ್ದ ಖಾಲಿ ಕೊಟ್ಟಿಗೆಯ ನಿಶ್ಚಲಚಿತ್ರವನ್ನು ಅಲ್ಲಿಟ್ಟೆವು. ಪಕ್ಕದ ಮನೆಯ ದನದ ಕೊರಳ ಗಂಟೆಯ ಸದ್ದನ್ನು ಸಂಜೆ ಫೋನಿನಲ್ಲಿ ಹಿಡಿದು ಸೇರಿಸಿದೆವು. ಅದಕ್ಕೆ ಖರ್ಚೇನೂ ಆಗಲಿಲ್ಲ.