ಹಾಟ್ ರಾಡ್ ಕಾರುಗಳಲ್ಲಿ ಸ್ವಂತಿಕೆ

(ಸಂಘದ ಸಂಸ್ಥಾಪನಾ ದಿನೋತ್ಸವದಲ್ಲಿ ಮಾಡಿದ ಭಾಷಣದ ಬರಹರೂಪ)



ಕಾರ್ಯದರ್ಶಿಗಳು ನನಗೆ ಮೊದಲು ಕೊಟ್ಟ ವಿಷಯ "ಜರ್ಮನಿಯಲ್ಲಿ ಕನ್ನಡಿಗರ ಸಾಧನೆ" ಎಂಬುದು. ಅದರ ಬಗ್ಗೆ ನನಗಿಂತ ಚೆನ್ನಾಗಿ ಮಾತಾಡಬಲ್ಲವರು ಈ ಸಭಾಂಗಣದಲ್ಲೇ ಹತ್ತು ಜನರಿದ್ದಾರೆ. ಅದಕ್ಕೆ ನಾನು, ಹೊರಗೆ ನಿಂತಿರುವ ಆ ಕಪ್ಪು ಕಾರಿನ ಬಗ್ಗೆ ಮಾತಾಡುತ್ತೇನೆ, ಒಪ್ಪಿಗೆಯೇ ಎಂದು ಕೇಳಿದೆ. ಬೆಳಿಗ್ಗೆಯಿಂದ ಅದನ್ನು ನೋಡಿದವರಲ್ಲಿ ಮೂವರು, "ಇದರ ಮಡ್‌ಗಾರ್ಡ್ ಎಲ್ಲಿ ಹೋಯಿತು ಸಾರ್?" ಎಂದು ವಿಚಾರಿಸಿದ್ದಾರೆ. ಹಿರಿಯರೊಬ್ಬರು, "ಇನ್ನೂ ಪೇಂಟ್ ಹೊಡೆಸಬೇಕೇನಪ್ಪ?" ಎಂದು ಕನಿಕರದಿಂದ ಕೇಳಿದರು. ಪೇಂಟ್ ಆಗಿದೆ. ಹೊಳಪಿಲ್ಲದ ಕಪ್ಪು, ಬೇಕೆಂದೇ ಹೊಡೆದದ್ದು.

ಹಾಟ್ ರಾಡ್ ಎಂದರೆ ಹಳೆಯ ಕಾರೊಂದರ ಭಾರ ಇಳಿಸಿ, ಎಂಜಿನ್ನಿನ ಶಕ್ತಿ ಏರಿಸಿ, ವೇಗಕ್ಕಾಗಿ ಮತ್ತೆ ಕಟ್ಟಿದ ಕಾರು. ಇದು ಹುಟ್ಟಿದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಫೋರ್ಡ್ ಮಾಡೆಲ್ ಟಿ ಕಾರು 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾಯಿತು. ಅದರ ಹಿಂದೆಯೇ ಬಂದ ಮಾಡೆಲ್ ಎ ಸುಮಾರು 48 ಲಕ್ಷ. ಹೀಗಾಗಿ ಗುಜರಿಯಲ್ಲಿ ಇವು ಬಹಳ ಅಗ್ಗಕ್ಕೆ ಸಿಗುತ್ತಿದ್ದವು. 1932ರಲ್ಲಿ ಫೋರ್ಡ್ ಸಂಸ್ಥೆ 3.6 ಲೀಟರಿನ, 65 ಅಶ್ವಶಕ್ತಿಯ ವಿ-8 ಎಂಜಿನ್ನನ್ನು ಸಾಮಾನ್ಯರ ಕಾರಿಗೇ ಕೂರಿಸಿತು. ಜೇಬಿನಲ್ಲಿ ಕಾಸಿಲ್ಲದ ಹುಡುಗರು ಗುಜರಿಯ ಕಾರು ತಂದು, ಮಡ್‌ಗಾರ್ಡ್ ಕಿತ್ತು, ಛಾವಣಿಯ ಕಂಬಗಳನ್ನು ಕೆಲವು ಅಂಗುಲ ಕತ್ತರಿಸಿ, ಮುರೋಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಯಂಗಳಗಳಲ್ಲಿ ಓಡಿಸಿದರು. 1937ರಲ್ಲಿ ಅವರದೊಂದು ಸಂಘವೂ ಆಯಿತು, 1948ರ ಜನವರಿಯಲ್ಲಿ 'ಹಾಟ್ ರಾಡ್' ಎಂಬ ಪತ್ರಿಕೆಯೂ ಬಂತು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಬಿಲ್ ಬರ್ಕ್ ಎಂಬಾತ ಯುದ್ಧವಿಮಾನದ ರೆಕ್ಕೆಯಡಿ ತೂಗುಹಾಕುವ ಪೆಟ್ರೋಲ್ ಟ್ಯಾಂಕನ್ನೇ ಕಾರಿನ ದೇಹವಾಗಿ ಮಾಡಿಕೊಂಡ. ಗಾಳಿ ಸೀಳಲು ಅದಕ್ಕಿಂತ ಒಳ್ಳೆಯ ಆಕಾರ ಬೇರೆ ಬೇಕೆ! ಅದೂ ಮಿಲಿಟರಿಯ ಹಳೆ ಸಾಮಾನಿನ ರಾಶಿಯಿಂದ.

ಆ ಕಾಲದಲ್ಲಿ ಸಿಗುತ್ತಿದ್ದ ಸಾಮಾನು, ಆ ಕಾಲದ ಉಪಾಯ, ಇವಿಷ್ಟನ್ನೇ ಬಳಸಿ ಇಂದು ಕಟ್ಟುವ ಕಾರಿಗೆ ಪಾರಂಪರಿಕ ಹಾಟ್ ರಾಡ್ ಎನ್ನುತ್ತಾರೆ. ಇಲ್ಲಿಯೇ ಒಂದು ತೊಡಕು ಬರುವುದು. ಎಲ್ಲರೂ ಅದೇ ಕಾಲದ ಅದೇ ಸಾಮಾನು ಬಳಸಿದರೆ ಎಲ್ಲ ಕಾರುಗಳೂ ಒಂದೇ ತರಹ ಆಗಬೇಕಲ್ಲ? ಇದರಲ್ಲಿ ಕಟ್ಟಿದವನ ಸ್ವಂತಿಕೆ ಎಲ್ಲಿ?

ಜರ್ಮನರು ಹಳೆಯ ಕಾರನ್ನು ನೋಡಿದ ಕೂಡಲೇ "ಒರಿಗಿನಾಲ್?" ಎಂದು ಕೇಳುತ್ತಾರೆ. ಕಾರ್ಖಾನೆಯಿಂದ ಹೊರಬಂದ ಹಾಗೆಯೇ ಇದೆಯೇ, ಒಂದು ಬೋಲ್ಟು ಕೂಡ ಬದಲಾಗಿಲ್ಲವೇ ಎಂದು ಅದರ ಅರ್ಥ. ಅದೇ ಪದವನ್ನು ಕಲಾವಿದನ ವಿಷಯದಲ್ಲಿ ಹೇಳಿದರೆ ಅರ್ಥ ತಿರುವುಮುರುವು. ಇನ್ನೊಬ್ಬರು ಮಾಡದ್ದನ್ನು ಮಾಡಿದವನು ಎಂದಾಗುತ್ತದೆ. ನಮ್ಮ ಭಾಷೆಗೆ ಈ ಗೊಂದಲ ಇಲ್ಲ. ಮೊದಲನೆಯದು ಮೂಲಸ್ಥಿತಿ, ಎರಡನೆಯದು ಸ್ವಂತಿಕೆ. ನಮ್ಮ ವಿಮರ್ಶಕರು ಸ್ವೋಪಜ್ಞತೆ ಎಂದು ಬರೆದು ಹೆದರಿಸುತ್ತಾರೆ, ಇರಲಿ. ಮೂಲಸ್ಥಿತಿಯ ಕಾರಿನಲ್ಲಿ ಕಾರ್ಖಾನೆಯ ಸ್ವಂತಿಕೆ ಇರುತ್ತದೆ, ಮಾಲೀಕನದಲ್ಲ. ಹಾಟ್ ರಾಡ್ ಕಟ್ಟುವವನು ಮೂಲಸ್ಥಿತಿಯನ್ನು ಕೆಡಿಸಿಯೇ ಮುಂದೆ ಹೋಗಬೇಕು. ಒಮ್ಮೆ ಕತ್ತರಿಸಿದ ತಗಡನ್ನು ಮತ್ತೆ ಬೆಸೆಯಬಹುದು, ಆದರೆ ಕತ್ತರಿಸದಂತೆ ಮಾಡಲಾಗದು. ಈ ದೇಶದ ಹಳೆ ಕಾರು ಪ್ರೇಮಿಗಳು ಹಾಟ್ ರಾಡ್ ಎಂದರೆ ಮುಖ ಸಿಂಡರಿಸುವುದು ಇದಕ್ಕೇ, ಮತ್ತು ಅವರದು ಪೂರಾ ತಪ್ಪಲ್ಲ.

ನನ್ನ ಮಗ ಹೈಸ್ಕೂಲು ಮುಗಿಸಿ ವಿಶ್ವವಿದ್ಯಾಲಯ ಬೇಡವೆಂದು ಕಾರಿನ ಬಾಡಿ ಕಟ್ಟುವ ಕಸುಬಿಗೆ ಸೇರಿದ್ದು ಇಲ್ಲಿ ಬಹಳ ಜನಕ್ಕೆ ಗೊತ್ತು. ಊರಿಗೆ ಫೋನು ಮಾಡಿದಾಗ ನಮ್ಮಣ್ಣ, "ಏನೋ, ಜರ್ಮನಿಗೆ ಹೋಗಿ ಮಗನನ್ನು ಟಿಂಕರಿಂಗ್‌ಗೆ ಹಾಕಿದೆಯಂತೆ?" ಎಂದು ಕೇಳಿದ. ನನಗೆ ಉತ್ತರ ಹೊಳೆಯಲಿಲ್ಲ. ಅಪ್ಪ ಮಗ ಊಟದ ಮೇಜಿನಲ್ಲಿ ಉಪ್ಪು ಕೊಡು, ಸಾರು ಕೊಡು ಎಂಬುದಕ್ಕಿಂತ ಹೆಚ್ಚು ಮಾತಾಡದೆ ಒಂದು ವರ್ಷ ಕಳೆದೆವು. ಆಗ ಅವನು 1930ರ ಮಾಡೆಲ್ ಎ ಕಾರಿನ ತುಕ್ಕು ಹಿಡಿದ ಅಸ್ಥಿಪಂಜರವೊಂದನ್ನು ಟ್ರೇಲರಿನಲ್ಲಿ ತಂದು ಮನೆಮುಂದೆ ಇಳಿಸಿದ. ನನ್ನಾಕೆ ಅದನ್ನು ನೋಡಿ ಅತ್ತಳು.

ಅದು ಓಡುವ ಸ್ಥಿತಿಯಲ್ಲಿದ್ದ ಕಾರಾಗಿದ್ದರೆ ಕತ್ತರಿಸಲು ನಾನು ಬಿಡುತ್ತಿರಲಿಲ್ಲ. ಅವನೂ ಕತ್ತರಿಸುತ್ತಿರಲಿಲ್ಲ, ಅದು ಅವನ ಮೊದಲ ನಿಯಮ. ನೆಲಹಾಸು ಇರಲಿಲ್ಲ, ಬಾಗಿಲ ಕೆಳಭಾಗ ಹಪ್ಪಳದಂತೆ ಪುಡಿಯಾಗುತ್ತಿತ್ತು. ಆದರೆ ಛಾವಣಿ ಮಾತ್ರ ಗಟ್ಟಿಯಾಗಿತ್ತು. ಛಾವಣಿ ತಗ್ಗಿಸುವುದು ಹಾಟ್ ರಾಡಿನ ಲಕ್ಷಣವಲ್ಲವೇ, ಕತ್ತರಿಸೋಣ ಎಂದದ್ದು ನಾನು. "ತೊಂಬತ್ತು ವರ್ಷ ಉಳಿದದ್ದನ್ನು ಫ್ಯಾಶನ್ನಿಗೆ ಯಾಕಪ್ಪಾ ಕತ್ತರಿಸಬೇಕು?" ಎಂದದ್ದು ಅವನು. ಹೊರಗಿರುವ ಕಾರಿನ ಛಾವಣಿ ಎತ್ತರವಾಗಿಯೇ ಇರುವುದು ಆ ಕಾರಣಕ್ಕೆ. ತಿಳಿದವರು ಮೊದಲು ಗಮನಿಸುವುದೂ ಅದನ್ನೇ.

ಇನ್ನು ಈ ದೇಶದ ಕಾನೂನು. 1997ರಲ್ಲಿ ಜರ್ಮನಿಯಲ್ಲಿ ಎಚ್ ಅಕ್ಷರದ ನಂಬರ್ ಪ್ಲೇಟ್ ಜಾರಿಗೆ ಬಂತು. ಕನಿಷ್ಠ 30 ವರ್ಷ ಹಳೆಯದಾದ, ಒಳ್ಳೆಯ ಸ್ಥಿತಿಯಲ್ಲಿರುವ ವಾಹನಕ್ಕೆ ಇದು ಸಿಗುತ್ತದೆ; ಕಾರಿಗೆ ವರ್ಷಕ್ಕೆ ಒಟ್ಟು ತೆರಿಗೆ 191 ಯೂರೊ 73 ಸೆಂಟ್. ಬದಲಾವಣೆ ಮಾಡಿದ ಕಾರಿಗೂ ಸಿಗುತ್ತದೆ, ಆದರೆ ಆ ಬದಲಾವಣೆ ಕಾಲೋಚಿತವಾಗಿರಬೇಕು. ಎಂದರೆ ಕಾರು ಮೊದಲು ರಸ್ತೆಗಿಳಿದ ಹತ್ತು ವರ್ಷದೊಳಗೆ ಅಂಥದು ನಡೆಯುತ್ತಿತ್ತೆಂದು ತೋರಿಸಬೇಕು, ಇಲ್ಲವೇ ಬದಲಾವಣೆ ಮಾಡಿಯೇ 30 ವರ್ಷವಾಗಿದೆ ಎಂಬುದಕ್ಕೆ ಪುರಾವೆ ಬೇಕು. ನಮ್ಮದು 1930ರ ಕಾರು. ಹಾಗಾಗಿ ನಮ್ಮ ಗಡಿ 1940.

ಮೊದಲು ಇದು ಸರಕಾರದ ಕಿರಿಕಿರಿ ಎಂದೇ ನನಗನ್ನಿಸಿತ್ತು. ನಮ್ಮ ದೇಶದಲ್ಲಿ 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಯಾರಕರು ನಮೂದಿಸಿದ್ದಕ್ಕಿಂತ ಬೇರೆಯಾಗಿ ವಾಹನವನ್ನು ಮಾರ್ಪಡಿಸಬಾರದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. ಅಲ್ಲಿಗೆ ಹೋಲಿಸಿದರೆ ಇಲ್ಲಿಯದು ಬೇರೆಯೇ ಬಗೆ. ಇಲ್ಲಿ ಕೇಳುವುದು "ಬದಲಾಯಿಸಿದ್ದೀಯಾ?" ಎಂದಲ್ಲ, "ಅಂದಿನವನು ಹೀಗೆ ಬದಲಾಯಿಸುತ್ತಿದ್ದನೇ?" ಎಂದು. ಸಂಗೀತ ಕಲಿತವರಿಗೆ ಇದು ತಟ್ಟನೆ ತಿಳಿಯುತ್ತದೆ. ರಾಗಕ್ಕೆ ಆರೋಹಣ ಅವರೋಹಣದ ಕಟ್ಟಿದೆ. ಮನೋಧರ್ಮವೆಲ್ಲ ಆ ಕಟ್ಟಿನೊಳಗೇ.

ಬ್ರೇಕಿನ ಕಥೆ ಹೇಳುತ್ತೇನೆ. ಮಾಡೆಲ್ ಎ ಕಾರಿನ ಬ್ರೇಕು ಕಬ್ಬಿಣದ ಸರಳುಗಳಿಂದ ಎಳೆಯುವಂಥದು. ಇಂದಿನ ರಸ್ತೆಯಲ್ಲಿ ಅದನ್ನು ನಂಬಿ ಹೋಗಲು ಎದೆಗಾರಿಕೆ ಬೇಕು. ನಾನು ಡಿಸ್ಕ್ ಬ್ರೇಕ್ ಎಂದೆ. ಮಗ ತಲೆಯಲ್ಲಾಡಿಸಿದ. ಫೋರ್ಡ್ ಕಾರಿಗೆ ದ್ರವದ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕು ಬಂದದ್ದು 1939ರಲ್ಲಿ. ಹಳೆಯ ಕಾರಿಗೆ 1939ರ ಬ್ರೇಕು ಹಾಕುವುದು ಅಂದಿನ ಹುಡುಗರ ಮಾಮೂಲು ಉಪಾಯ. 1940ರ ಗಡಿಗೆ ಒಂದೇ ವರ್ಷ ಒಳಗೆ! ಮ್ಯಾನ್‌ಹೈಮಿನಲ್ಲಿ ನಡೆದ ವೆಟರಾಮಾ ಸಂತೆಗೆ ಹೋಗಿ, ಮಳೆಯಲ್ಲಿ ಎರಡು ದಿನ ಕೆಸರು ತುಳಿದು, ನಾಲ್ಕು ಚಕ್ರಕ್ಕೆ ಮೂರು ಬೇರೆ ಬೇರೆ ಅಂಗಡಿಯಿಂದ ಬ್ರೇಕು ಜೋಡಿಸಿಕೊಂಡೆವು. ಕಾರನ್ನು ನೆಲಕ್ಕೆ ಇಳಿಸಲು ಮುಂದಿನ ಲೀಫ್ ಸ್ಪ್ರಿಂಗಿನ ದೊಡ್ಡ ಪಟ್ಟಿಯ ಎರಡು ಕಿವಿಗಳನ್ನು ತಿರುವುಮುರುವು ಮಾಡಿಸಿದೆವು. ಅದೂ ಅಂದಿನದೇ ಉಪಾಯ. ಎಂಜಿನ್ ಹಳೆಯ ನಾಲ್ಕು ಸಿಲಿಂಡರಿನದೇ, 3.3 ಲೀಟರ್. ಕಾರ್ಖಾನೆಯಲ್ಲಿ ಅದಕ್ಕಿದ್ದದ್ದು 40 ಅಶ್ವಶಕ್ತಿ. ಹೆಡ್ ಬದಲಿಸಿ ಎರಡು ಕಾರ್ಬೊರೇಟರ್ ಕೂರಿಸಿದ್ದೇವೆ. ಈಗೆಷ್ಟಿದೆ ಎಂದು ಅಳೆಸಿಲ್ಲ. ಗುಡ್ಡ ಹತ್ತುವಾಗ ಗೊತ್ತಾಗುತ್ತದೆ.

ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಎರಡನೆಯ ಚಳಿಗಾಲದಲ್ಲಿ, ಕೆಲಸ ಬೇಗ ಮುಗಿಯಲಿ ಎಂದು, ಮಗನಿಗೆ ಹೇಳದೆ ಕ್ಯಾಟಲಾಗು ನೋಡಿ ಒಂದು ರಾಶಿ ಸಾಮಾನು ತರಿಸಿದೆ. ಫಳಫಳ ಹೊಳೆಯುವ ಚಕ್ರ, ಸ್ಟೀರಿಂಗ್, ಮೀಟರು, ಎಲ್ಲ "ಪಾರಂಪರಿಕ ಶೈಲಿ"ಯದೇ. ಕೂರಿಸಿ ನೋಡಿದೆವು. ಕಾರು ಚೆನ್ನಾಗಿಯೇ ಕಂಡಿತು, ಆದರೆ ಆ ಕ್ಯಾಟಲಾಗಿನ ಮುಖಪುಟದಲ್ಲಿದ್ದ ಕಾರಿನಂತೆ ಕಂಡಿತು. ಮಗ ಬಯ್ಯಲಿಲ್ಲ. "ಅಪ್ಪಾ, ಇದನ್ನು ಕಟ್ಟಿದವರು ಯಾರು?" ಎಂದಷ್ಟೇ ಕೇಳಿದ. ಅರ್ಧ ಬೆಲೆಗೆ ಎಲ್ಲ ಮಾರಿದೆ. ತುಕ್ಕನ್ನು ಕೂಡ ಬ್ರಷ್ಷಿನಲ್ಲಿ ಬರೆದು ಹಳತು ಮಾಡುವವರಿದ್ದಾರೆ; ಅವರ ಬಗ್ಗೆ ನಾನು ಮಾತಾಡುವುದಿಲ್ಲ.

ಇಲ್ಲಿನ ನಿಯಮದ ಪ್ರಕಾರ ಚಕ್ರಗಳಿಗೆ ಹೊದಿಕೆ ಇರಲೇಬೇಕು. ಕ್ಯಾಲಿಫೋರ್ನಿಯಾದ ಫೋಟೋಗಳಲ್ಲಿ ಬೋಳು ಚಕ್ರ ಕಂಡು ಮರುಳಾದವರು ಇಲ್ಲಿ ಮುಗ್ಗರಿಸುತ್ತಾರೆ. ನಾವು ಹಳೆಯ ಟ್ರೇಲರ್ ಒಂದರ ಮಡ್‌ಗಾರ್ಡ್ ಕತ್ತರಿಸಿ, ಬೈಸಿಕಲ್ಲಿನ ಹಾಗೆ ಚಕ್ರದ ಮೇಲಷ್ಟೇ ಕೂರುವಂತೆ ಬಗ್ಗಿಸಿದೆವು. "ಮಡ್‌ಗಾರ್ಡ್ ಎಲ್ಲಿ?" ಎಂದು ಕೇಳಿದ ಮೂವರಿಗೂ ಉತ್ತರ ಇದು: ಇದೆ, ಸ್ವಲ್ಪ ಬಗ್ಗಿ ನೋಡಿ. ಜೋಡಣೆಯ ಗೆರೆಗಳನ್ನು ಪುಟ್ಟಿ ಬಳಿದು ಮುಚ್ಚದೆ, ಮಗ ಸೀಸ ತವರ ಕರಗಿಸಿ ತುಂಬಿದ. ಬೆಂಕಿ ತೋರಿಸಿ, ಬಟ್ಟೆಯಿಂದ ಒರೆಸಿ ಹರಡುವ ಆ ಕೆಲಸ ನೋಡುತ್ತಿದ್ದಾಗ, ನಮ್ಮೂರ ಬೀದಿಯಲ್ಲಿ ತಿದಿ ಒತ್ತುತ್ತ ಪಾತ್ರೆಗೆ ಕಲಾಯಿ ಹಾಕುತ್ತಿದ್ದ ಸಾಬರು ಕಣ್ಣಮುಂದೆ ಬಂದರು. ಅದೇ ನವಸಾಗರದ ವಾಸನೆ ಮೂಗಿಗೆ ಬಂದಂತಾಯಿತು. ಅಣ್ಣನಿಗೆ ಕೊಡಬೇಕಾಗಿದ್ದ ಉತ್ತರ ಅಂದು ಹೊಳೆಯಿತು, ಆದರೆ ಫೋನು ಮಾಡಲಿಲ್ಲ.

ಬೇಲೂರಿನಲ್ಲಿ ಮದನಿಕೆಯರನ್ನು ನೀವೆಲ್ಲ ನೋಡಿದ್ದೀರಿ. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಆ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ, ಇಬ್ಬರೂ ತಾವು ಕಡೆದ ಮೂರ್ತಿಗಳ ಕೆಳಗೆ ಹೆಸರು ಕೊರೆದಿದ್ದಾರೆ. ಅಳತೆ ಶಾಸ್ತ್ರದ್ದು, ಕಲ್ಲು ಎಲ್ಲರದೂ ಒಂದೇ, ಕಥೆ ಪುರಾಣದ್ದು. ಆದರೂ ಇದು ನನ್ನದು ಎಂದು ಹೆಸರು ಹಾಕುವ ಧೈರ್ಯ ಅವರಿಗಿತ್ತು. ಅಪ್ಪ ಮಗನ ಹೆಸರು ಒಂದೇ ಗುಡಿಯಲ್ಲಿರುವುದನ್ನು ಹುಡುಗನಾಗಿದ್ದಾಗ ನಾನು ಗಮನಿಸಿರಲಿಲ್ಲ.

ಕಾರಿನ ಬಾಗಿಲ ಮೇಲೆ ಗಂಡಭೇರುಂಡ ಬರೆಸೋಣ ಎಂದು ನಾನು ಬಹಳ ಒತ್ತಾಯ ಮಾಡಿದೆ. ಕನ್ನಡಿಗರ ಕಾರೆಂದು ಗೊತ್ತಾಗಬೇಡವೇ? ಮಗ ಒಪ್ಪಲಿಲ್ಲ. ಅಂಟಿಸಿದ್ದನ್ನು ಯಾರು ಬೇಕಾದರೂ ಕೀಳಬಹುದು ಎಂದ. ಆದರೆ ಗೇರ್ ಹಿಡಿಯ ಗುಂಡು ಬೇಕಾಗಿತ್ತು. ಊರಿಗೆ ಹೋದಾಗ ಚನ್ನಪಟ್ಟಣದಲ್ಲಿ ಚರಕಿಗೆ ಕೊಟ್ಟು, ಹಾಲೆ ಮರದಲ್ಲಿ, ಅರಗಿನ ಬಣ್ಣ ಹಚ್ಚಿಸಿ ಒಂದು ಮಾಡಿಸಿ ತಂದೆ. ಮಗ ಕೈಯಲ್ಲಿ ಹಿಡಿದು, "1940ಕ್ಕೆ ಮುಂಚೆ ಅಲ್ಲಿ ಈ ಕೆಲಸ ಇತ್ತೇ?" ಎಂದ. ಇತ್ತು, ಬಹಳ ಮುಂಚಿನಿಂದಲೂ ಇತ್ತು. ತಕ್ಷಣ ಕೂರಿಸಿದ.

ಯಾರಾದರೂ ಇದೆಲ್ಲ ಅಮೆರಿಕದವರ ಆಟ, ಜರ್ಮನಿಗೂ ನಮಗೂ ಏನು ಸಂಬಂಧ ಎನ್ನಬಹುದು. 1888ರ ಆಗಸ್ಟಿನಲ್ಲಿ ಬೆರ್ತಾ ಬೆಂಜ್ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಕಾರು ಓಡಿಸಿದಳು. ವೀಸ್ಲೋಖಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡಳು. ಕಟ್ಟಿಕೊಂಡ ಕೊಳವೆಯನ್ನು ಹ್ಯಾಟಿನ ಪಿನ್ನಿನಿಂದ ಬಿಡಿಸಿದಳು. ಬ್ರೇಕಿನ ಮರದ ತುಂಡು ಸವೆದಾಗ ದಾರಿಯಲ್ಲಿ ಚಮ್ಮಾರನಿಂದ ಚರ್ಮ ಹೊಡೆಸಿದಳು. ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಸಾಧಿಸುವುದು ಇದೇ ರಾಜ್ಯದಲ್ಲಿ ಶುರುವಾಯಿತು. ಯುದ್ಧದ ನಂತರ ಗೆರ್ಹಾರ್ಡ್ ಓಟಿಂಗರ್ ಎಂಬವರು ಬಡವರ ಫೋಕ್ಸ್‌ವ್ಯಾಗನ್ನಿಗೆ ಜೋಡಿ ಕಾರ್ಬೊರೇಟರಿನ ಓಕ್ರಾಸಾ ಕಿಟ್ ಮಾಡಿ ಮಾರಿದರು. ಮತ್ತೆ ನಮ್ಮ ಮೈಸೂರಿನ ಯಾದವಗಿರಿಯಲ್ಲಿ 1996ರವರೆಗೆ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕು? ಜಾವಾ ಎಂಬ ಹೆಸರಿನ ಮೊದಲರ್ಧ ಚೆಕ್ ದೇಶದ ಯಾನೆಚೆಕ್, ಉಳಿದರ್ಧ ವಾಂಡರರ್ ಎಂಬ ಜರ್ಮನ್ ಕಂಪನಿ. ಕಾಲೇಜಿಗೆ ಅದರ ಮೇಲೆ ಹೋಗಿಬರುತ್ತಿದ್ದ ನಮಗೆ ಯಾರಿಗೂ ಅದು ಗೊತ್ತಿರಲಿಲ್ಲ.

ಕೊನೆಗೆ ತಪಾಸಣೆಯ ದಿನ. ಪರೀಕ್ಷಕರು ಹಿರಿಯರು. ಕಾರಿನಡಿ ಮಲಗಿ ಒಂದು ಗಂಟೆ ನೋಡಿದರು. ಹಳೆಯ ಫೋಟೋಗಳನ್ನು ಒಂದೊಂದಾಗಿ ಮುಂದಿಟ್ಟೆವು. ಬ್ರೇಕಿಗೆ ತಲೆಯಾಡಿಸಿದರು, ಹಿಂದಿನ ದೀಪ ಎರಡು ಸೆಂಟಿಮೀಟರ್ ಮೇಲೆ ಸರಿಸಿ ಬನ್ನಿ ಎಂದರು. ಹೊರಡುವ ಮುಂಚೆ ಗೇರ್ ಗುಂಡು ಮುಟ್ಟಿ, "ಇದು ಫೋರ್ಡಿನದೇ?" ಎಂದು ಕೇಳಿದರು. ಮಗ ಜರ್ಮನಿನಲ್ಲಿ, "ಇಲ್ಲ, ಅದು ನಮ್ಮೂರಿನದು" ಎಂದ. ಅವನು ಹುಟ್ಟಿದ್ದು ಇಲ್ಲೇ. ನಮ್ಮೂರು ಎಂದು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಎರಡು ವಾರದ ಮೇಲೆ ದೀಪ ಸರಿಸಿ ಹೋದೆವು, ಎಚ್ ಪ್ಲೇಟ್ ಸಿಕ್ಕಿತು.

ಊಟದ ಗಂಟೆ ಆಗಿದೆ, ಬಿಸಿಬೇಳೆಬಾತಿನ ಪರಿಮಳಕ್ಕೆ ಅಡ್ಡ ನಿಲ್ಲುವ ಧೈರ್ಯ ನನಗಿಲ್ಲ. ಊಟವಾದ ಮೇಲೆ ಮಗ ಕಾರಿನ ಬಳಿಯೇ ಇರುತ್ತಾನೆ. ಮಕ್ಕಳು ಒಳಗೆ ಕೂತು ನೋಡಬಹುದು, ಹಾರ್ನ್ ಒತ್ತಬಹುದು. ಪಕ್ಕದ ಸೈಲೆನ್ಸರ್ ಕೊಳವೆಯನ್ನು ಮಾತ್ರ ಮುಟ್ಟಬೇಡಿ, ಇನ್ನೂ ಬಿಸಿ ಇರುತ್ತದೆ.