ಹೊಲಕ್ಕೆ ಹೋಗುವ ದಾರಿ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಹಿಂದೆ ನಮ್ಮ ಹಾಲಿನ ಸಂಘ ಶುರುವಾದಾಗ ನಾವೆಲ್ಲ ಕ್ಯಾನು ಹಿಡಿದು ಬಂದದ್ದು ಬಂಡಿ ದಾರಿಯಲ್ಲೇ. ಆ ದಾರಿ ಯಾರದು ಅಂತ ಆಗ ಯಾರೂ ಕೇಳಲಿಲ್ಲ. ತಾತ, ಅಪ್ಪ ಗೊಬ್ಬರದ ಗಾಡಿ ಹೊಡೆದ ದಾರಿ, ನಾವೂ ಹೊಡೆದೆವು. ಸಂಘದ ಸಾಧನೆ ಬಗ್ಗೆ ಹಿರಿಯರು ಆಗಲೇ ವಿವರವಾಗಿ ಹೇಳಿದ್ದಾರೆ. ನಾವು ಆ ದಾರಿಯ ವಿಚಾರ ನಾಲ್ಕು ಮಾತು ಹೇಳಿ ಮುಗಿಸುತ್ತೇವೆ.

ನಮ್ಮೂರ ಪಕ್ಕದ ಹೆದ್ದಾರಿ ಅಗಲವಾಯಿತು. ಒಳ್ಳೆಯದೇ, ಹಾಲಿನ ಲಾರಿ ಬೇಗ ಬರುತ್ತದೆ, ಮಕ್ಕಳು ಕಾಲೇಜಿಗೆ ಬೇಗ ಹೋಗುತ್ತಾರೆ. ಆದರೆ ರಸ್ತೆ ಎತ್ತರವಾಯಿತು, ಮಧ್ಯೆ ತಡೆಗೋಡೆ ಬಂತು. ಆಚೆ ಹೊಲ ಇರುವವರು ದನ ಹೊಡೆದುಕೊಂಡು ಕೆಳಸೇತುವೆವರೆಗೆ ಸುತ್ತಬೇಕು. ರಸ್ತೆಯ ಹಿಂದೆಯೇ ಲೇಔಟು ಬಂತು. ಸುತ್ತ ಕಾಂಪೌಂಡು ಎತ್ತಿ ಗೇಟು ಹಾಕಿದರು. ಒಂದು ದಿನ ಬೆಳಿಗ್ಗೆ ಹಿಂದಿನ ಹೊಲದವರು ಹೋಗಿ ನೋಡಿದರೆ ದಾರಿಯೇ ಇಲ್ಲ. ಕೊಯ್ದ ರಾಗಿ ಹೊಲದಲ್ಲೇ ನಿಂತಿತು. ಟ್ರಾಕ್ಟರು ಹೋಗುವ ಹಾಗಿಲ್ಲ, ಹೊರೆ ಕಟ್ಟಿ ತಲೆ ಮೇಲೆ ತಂದರು. ಹಸಿಮೇವು ಹೊತ್ತು ಸಾಕಾಗಿ ನಮ್ಮ ಸದಸ್ಯರೊಬ್ಬರು ಎರಡು ಹಸು ಮಾರಿಬಿಟ್ಟರು. ಈಗ ಅವರು ಸಂಘಕ್ಕೆ ಹಾಲು ಹಾಕುತ್ತಿಲ್ಲ. ದಾರಿ ಹೋದರೆ ಸಂಘಕ್ಕೇನು ಅನ್ನುವವರಿಗೆ ಇದೇ ಉತ್ತರ.

ತಪ್ಪು ಬರೀ ಲೇಔಟಿನವರದ್ದಲ್ಲ. ಅದರಲ್ಲಿ ನಮ್ಮ ಮನೆಯ ಜಮೀನೂ ಸೇರಿದೆ. ಕ್ರಯಪತ್ರಕ್ಕೆ ಸಹಿ ಹಾಕುವಾಗ ರೇಟು ನೋಡಿದೆವು, ಚೆಕ್ಕುಬಂದಿ ಓದಲಿಲ್ಲ. ಹಿಂದಿನ ಜಮೀನಿನವರಿಗೆ ಗಾಡಿ ಓಡಾಡಲು ದಾರಿ ಬಿಟ್ಟಿದೆ ಅಂತ ಒಂದು ಸಾಲು ಬರೆಸಿದ್ದರೆ ಸಾಕಾಗಿತ್ತು. ಇದನ್ನು ಒಪ್ಪಿಕೊಳ್ಳದೆ ನಿಮಗೆ ಬುದ್ಧಿ ಹೇಳುವುದು ಸರಿಯಲ್ಲ.

ಆಮೇಲೆ ವಕೀಲರ ಮನೆ, ತಾಲ್ಲೂಕು ಕಚೇರಿ ಅಲೆದು ಕಲಿತದ್ದು ಇಷ್ಟು.

ಮೊದಲನೆಯದು ಗ್ರಾಮ ನಕ್ಷೆ. ಅದರಲ್ಲಿ ಜೋಡಿ ಚುಕ್ಕೆ ಗೆರೆ ಇದ್ದರೆ ಬಂಡಿ ದಾರಿ, ಒಂಟಿ ಚುಕ್ಕೆ ಗೆರೆ ಇದ್ದರೆ ಕಾಲುದಾರಿ. ದಾರಿಗೆ ಬಿಟ್ಟ ನೆಲ ಪಹಣಿಯಲ್ಲಿ 'ಬಿ' ಖರಾಬು ಅಂತ ಬಂದಿರುತ್ತದೆ. ಅದು ಸಾರ್ವಜನಿಕರದು, ಮಾರುವ ಹಕ್ಕು ಯಾರಿಗೂ ಇಲ್ಲ. ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ ತೆರವಿಗೆ ಕೇಳಬಹುದು. ನಮ್ಮ ದಾರಿಯ ಅರ್ಧ ಹೀಗೇ ಬಿಡುಗಡೆಯಾಯಿತು.

ಎರಡನೆಯದು ನಕ್ಷೆಯಲ್ಲಿಲ್ಲದ ರೂಢಿ ದಾರಿ. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ಬೇರೆಯವರ ಜಮೀನಿನಲ್ಲಿ ಬಹಿರಂಗವಾಗಿ, ತಕರಾರಿಲ್ಲದೆ, ಹಕ್ಕಿನಿಂದ 20 ವರ್ಷ ಬಿಡದೆ ಓಡಾಡಿದ್ದರೆ ಹಕ್ಕು ಬರುತ್ತದೆ. ಸರ್ಕಾರಿ ಜಮೀನಾದರೆ 30 ವರ್ಷ. ಅಪ್ಪಣೆ ಕೇಳಿ ಓಡಾಡಿದ್ದರೆ ಅದು ಲೆಕ್ಕಕ್ಕಿಲ್ಲ. ದಾರಿ ನಿಂತ ಎರಡು ವರ್ಷದೊಳಗೆ ದಾವೆ ಹಾಕಬೇಕು. ಒಂದೇ ಜಮೀನು ಮಾರಾಟವಾಗಿಯೋ ಅಣ್ಣತಮ್ಮಂದಿರಲ್ಲಿ ಪಾಲಾಗಿಯೋ ಒಂದು ತುಂಡಿಗೆ ದಾರಿಯೇ ಇಲ್ಲದಂತಾದರೆ, 13ನೇ ಕಲಂ ಪ್ರಕಾರ 20 ವರ್ಷ ಕಾಯಬೇಕಿಲ್ಲ.

ಮೂರನೆಯದು ತಡ ಮಾಡಬಾರದು. ದಾರಿ ಜಗಳದಿಂದ ಶಾಂತಿ ಕೆಡುವ ಹಾಗಿದ್ದರೆ ತಾಲ್ಲೂಕು ದಂಡಾಧಿಕಾರಿಗಳಾದ ತಹಶೀಲ್ದಾರರು ವಿಚಾರಣೆ ಮಾಡಬಹುದು. ಮೊದಲು ಇದು ದಂಡ ಪ್ರಕ್ರಿಯಾ ಸಂಹಿತೆಯ 147ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 166ನೇ ಕಲಂ. ವರ್ಷವಿಡೀ ಬಳಸುವ ದಾರಿಯಾದರೆ ಹಿಂದಿನ ಮೂರು ತಿಂಗಳೊಳಗೆ ಬಳಸಿರಬೇಕು. ಹಂಗಾಮಿನ ದಾರಿಯಾದರೆ ಕಳೆದ ಹಂಗಾಮಿನಲ್ಲಿ ಬಳಸಿರಬೇಕು. ಹಬ್ಬ ಮುಗೀಲಿ ನೋಡೋಣ ಅಂತ ಕೂತರೆ ಕೆಟ್ಟೆವು.

ನಾಲ್ಕನೆಯದು ರಸ್ತೆ. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಭೂಸ್ವಾಧೀನದ ಪ್ರಕಟಣೆಯಾದ 21 ದಿನದೊಳಗೆ ಆಕ್ಷೇಪಣೆ ಕೊಡಬೇಕು. ಕೆಳಸೇತುವೆ, ಸರ್ವೀಸ್ ರಸ್ತೆ ಬೇಕು ಅಂತ ನಾವು ಆಗಲೇ ಊರೆಲ್ಲ ಸೇರಿ ಬರೆದುಕೊಡಬೇಕಿತ್ತು. ಪರಿಹಾರದ ದುಡ್ಡಿನ ಲೆಕ್ಕದಲ್ಲೇ ಆ ದಿನಗಳು ಕಳೆದುಹೋದವು.

ದಾರಿಯ ಉಳಿದರ್ಧ ಇನ್ನೂ ಕೋರ್ಟಿನಲ್ಲಿದೆ. ಈ ನಡುವೆ ನಮ್ಮ ಸದಸ್ಯರೊಬ್ಬರು ತಮ್ಮ ಬದುವಿನ ಮಗ್ಗುಲಲ್ಲಿ ಗಾಡಿ ಹೋಗುವಷ್ಟು ಜಾಗ ಬಿಟ್ಟಿದ್ದಾರೆ. ಅವರ ಎರಡು ತೆಂಗಿನ ಮರ ಹೋದವು. ಕೇಳಿದ್ದಕ್ಕೆ, 'ಹೋಗ್ಲಿ ಬಿಡಣ್ಣ, ನಾಳೆ ನಮ್ಮ ಮಕ್ಕಳಿಗೂ ಯಾರಾದ್ರೂ ಬಿಡ್ತಾರೆ' ಅಂದರು. ಈ ಸಲ ಬಾಯಿಮಾತಿಗೆ ಬಿಡದೆ ರಿಜಿಸ್ಟರ್ ಮಾಡಿಸಿದ್ದೇವೆ.

ನಮ್ಮ ಕೋರಿಕೆ ಎರಡು. ಊರಿನ ಗ್ರಾಮ ನಕ್ಷೆಯನ್ನು ದೊಡ್ಡದಾಗಿ ಸಂಘದ ಗೋಡೆಗೆ ಹಾಕೋಣ, ಹಾಲು ಹಾಕಲು ಬಂದವರೆಲ್ಲ ನೋಡಲಿ. ಜಮೀನು ಮಾರುವವರು ಮಾರಲಿ, ಅದು ಅವರವರ ಕಷ್ಟಸುಖ. ಆದರೆ ಹಿಂದಿನ ಹೊಲದವರನ್ನು ಒಂದು ಮಾತು ಕೇಳಿ, ದಾರಿಯ ಸಾಲು ಬರೆಸಿ ಆಮೇಲೆ ಸಹಿ ಹಾಕಿ. ನಾವು ಮಾಡಿದ ತಪ್ಪು ನೀವು ಮಾಡಬೇಡಿ.



ಜೈ ಸಹಕಾರ, ಜೈ ಕರ್ನಾಟಕ.