ಗಾಜಿನ ತೊಟ್ಟಿಗೆ ಕಡಲಿನ ಚಿಟಿಕೆ



ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ, ಬೆಂಗಳೂರಿನ ಹೊಸಹಳ್ಳಿಯಲ್ಲಿ ಇಂದಿನ ಗೋಷ್ಠಿಗಳಿಗೆ ಸೇರಿ ಕಡಲ ಪಾಚಿಯ ಮಾತಾಡುತ್ತೇವೆಂದರೆ ಮಂಗಳೂರಿನವರು ನಕ್ಕಾರು. ನಗಲಿ. ಮಾಗಡಿ ರಸ್ತೆಯಿಂದ ವಿಜಯನಗರದವರೆಗೆ ಯಾವ ಯಾವ ಮನೆಯ ಟಿವಿ ಪಕ್ಕದಲ್ಲಿ ಗಾಜಿನ ತೊಟ್ಟಿಯಿದೆಯೋ, ಅಲ್ಲೆಲ್ಲ ದಿನಕ್ಕೆರಡು ಸಲ ಒಂದು ಚಿಟಿಕೆ ಮೀನಿನ ಆಹಾರ ನೀರಿಗೆ ಬೀಳುತ್ತದೆ. ಆ ಚಿಟಿಕೆಯೊಳಗೆ ಏನಿರಬೇಕು ಎಂಬುದು ನಮ್ಮ ಊರಿನದೇ ಪ್ರಶ್ನೆ.

ಮೊದಲು ಹೆಸರಿನ ಗೊಂದಲ. ನಮ್ಮಲ್ಲಿ ಬಾವಿಕಟ್ಟೆಯ ಮೇಲೆ ಕಾಲು ಜಾರಿಸುವುದೂ ಪಾಚಿ, ತೊಟ್ಟಿಯ ಗಾಜಿಗೆ ಅಂಟುವುದೂ ಪಾಚಿ, ಕಡಲ ಬಂಡೆ ಕಚ್ಚಿಕೊಂಡು ಅಲೆಗೆ ತೂಗುವುದೂ ಪಾಚಿ. (ಗಾಜಿನ ಪಾಚಿಯನ್ನು ಭಾನುವಾರ ಉಜ್ಜಿ ತೆಗೆದು, ಸೋಮವಾರ ಪೊಟ್ಟಣದ ಪಾಚಿ ಕೊಳ್ಳುವ ನಮ್ಮ ವ್ಯವಹಾರ ಬೇರೆ!) ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಬಹುಕಾಲ ಕೆಲಸ ಮಾಡಿದ ಸ್ಪಿರುಲಿನಾ ಕಡಲಿನದಲ್ಲ, ಕ್ಷಾರದ ನೀರಿನಲ್ಲಿ ಬೆಳೆಯುವ, ಬ್ಯಾಕ್ಟೀರಿಯಾ ಕುಲದ ಸೂಕ್ಷ್ಮಜೀವಿ. ಅದರ ಗುಣಗಳನ್ನು ಕಡಲಿನ ಕಂದು ಪಾಚಿಯಾದ ಸರ್ಗಾಸಮ್‌ನ ಖಾತೆಗೆ ಬರೆಯಬಾರದು. ಬಂಡೆಯ ಮೇಲಿನದನ್ನು ನಾನು ಕಡಲಕಳೆ ಎಂದೇ ಕರೆಯುತ್ತೇನೆ.

ಇನ್ನು, ಕಳೆ ಬೆರೆಸಿದ ಆಹಾರದಿಂದ ಮೀನಿಗೆ ಬರುವ ಬಣ್ಣ. ಗಿರಾಕಿ ಕೇಳುವುದು ಅದನ್ನೇ. ಮೀನು ತನ್ನ ಮೈಗೆ ಹಳದಿ, ಕೆಂಪು ಕೊಡುವ ಕ್ಯಾರೊಟಿನಾಯ್ಡ್ ವರ್ಣಗಳನ್ನು ತಾನೇ ತಯಾರಿಸಿಕೊಳ್ಳಲಾರದು, ತಿಂದೇ ಪಡೆಯಬೇಕು. ಗೋಲ್ಡ್‌ಫಿಶ್‌ಗೆ ಒಂದು ಜಾಣತನವೂ ಉಂಟು: ಹಳದಿಯ ಜಿಯಾಕ್ಸಾಂಥಿನ್, ಲೂಟೀನ್ ಸಿಕ್ಕರೆ ಅದನ್ನು ಕೆಂಪು ಅಸ್ಟಾಕ್ಸಾಂಥಿನ್ ಆಗಿ ಮಾರ್ಪಡಿಸಿಕೊಳ್ಳುತ್ತದೆ. ಆದ್ದರಿಂದ ಆ ಹಳದಿ ವರ್ಣಗಳಿರುವ ಹಸಿರು ಕಳೆಯಾದ ಉಲ್ವಾ ಅದಕ್ಕೆ ಒದಗಬಲ್ಲದು. ಕೆಂಪು ಕಳೆಯ ಕೆಂಪಿಗಾದರೋ ಕಾರಣ ಫೈಕೋಎರಿಥ್ರಿನ್. ಅದು ಪ್ರೋಟೀನಿಗೆ ಅಂಟಿದ ವರ್ಣ, ಕ್ಯಾರೊಟಿನಾಯ್ಡ್ ಅಲ್ಲವೇ ಅಲ್ಲ. ಕಳೆಯ ಆ ಕೆಂಪೇ ಮೀನಿನ ಮೈಗೂ ಇಳಿಯುತ್ತದೆ ಎನ್ನುವುದು, ಬೀಟ್‌ರೂಟ್ ತಿಂದರೆ ಮೈಯಲ್ಲಿ ರಕ್ತ ತುಂಬುತ್ತದೆ ಎಂದು ಅಜ್ಜಿ ಹೇಳುತ್ತಿದ್ದಂತೆ. ಹಾಗಿದ್ದರೂ ಹಾರ್ಮೋನ್ ಬೆರೆಸಿ ಹೆಣ್ಣು ಗಪ್ಪಿಗೆ ಬಣ್ಣ ಬರಿಸುವುದಕ್ಕಿಂತ, ಪಾರದರ್ಶಕ ಗ್ಲಾಸ್‌ಫಿಶ್‌ನ ಮೈಗೆ ಸೂಜಿಯಿಂದ ಬಣ್ಣ ಚುಚ್ಚುವುದಕ್ಕಿಂತ ಕಳೆಯ ದಾರಿ ಸಾವಿರ ಪಾಲು ಮೇಲು.

ನನ್ನನ್ನು ಕೇಳಿದರೆ, ಕಡಲಕಳೆಯ ದೊಡ್ಡ ಉಪಕಾರ ಇರುವುದು ಬಣ್ಣದಲ್ಲಲ್ಲ, ಅಂಟಿನಲ್ಲಿ. ಅಡುಗೆಮನೆಯ ಚೈನಾ ಗ್ರಾಸ್ ನಿಮಗೆಲ್ಲ ಗೊತ್ತು. ಅದು ಕೆಂಪು ಕಳೆಯಿಂದ ತೆಗೆದ ಅಗರ್. ಇನ್ನೊಂದು ಕೆಂಪು ಕಳೆಯಾದ ಕಪ್ಪಾಫೈಕಸ್‌ನಿಂದ ಕ್ಯಾರಜೀನನ್, ಸರ್ಗಾಸಮ್‌ನಂಥ ಕಂದು ಕಳೆಯಿಂದ ಆಲ್ಜಿನೇಟ್. ಮನೆಯ ಸಣ್ಣ ತೊಟ್ಟಿಯಲ್ಲಿ ಮೀನು ಸಾಯುವುದು ಬಣ್ಣ ಕಮ್ಮಿಯಾಗಿ ಅಲ್ಲ. ಪುಡಿಯಾಗಿ ಕರಗಿದ ಆಹಾರ ತಳದಲ್ಲಿ ಕೊಳೆತು ಅಮೋನಿಯ ಏರುತ್ತದೆ. ಕಾವೇರಿ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು ಕ್ಲೋರಿನ್ ಹೋಗಲಾಡಿಸಿ ತುಂಬಿದವರು ಈ ಅಮೋನಿಯದ ಲೆಕ್ಕ ಇಡುವುದಿಲ್ಲ. ಈ ಅಂಟಿನ ಹಿಡಿತದಲ್ಲಿ ಬಾಯಿಗೆ ಹೋಗುವ ತನಕ ಒಡೆಯದ ಆಹಾರದ ಪೆಲೆಟ್ ಆ ಅಪಾಯ ತಗ್ಗಿಸುತ್ತದೆ. ಈ ಮೇಜಿನ ಮೇಲೆ ಎರಡು ಲೋಟ ನೀರಿದೆ. ಒಂದಕ್ಕೆ ಬರೀ ಗೋಧಿಹಿಟ್ಟಿನ ಅಂಟಿನ ಪೆಲೆಟ್, ಇನ್ನೊಂದಕ್ಕೆ ಆಲ್ಜಿನೇಟ್ ಅಂಟಿನದು. ಇಗೋ, ಈಗ ಹಾಕಿದೆ.

ಆದರೆ ಅದೇ ಅಂಟು ಮೀನಿನ ಹೊಟ್ಟೆಯಲ್ಲಿ ಸುಲಭವಾಗಿ ಜೀರ್ಣವಾಗದು. ಪ್ರಮಾಣ ಹೆಚ್ಚಿಸಿದರೆ ಬೆಳವಣಿಗೆ ಕುಂಠಿತ. ಕಂದು ಕಳೆಯಲ್ಲಿ ಅಯೋಡಿನ್ ಜಾಸ್ತಿ, ಕೆಲವದರಲ್ಲಿ ಆರ್ಸೆನಿಕ್ ಕೂಡ. ತೊಳೆಯದೆ ಒಣಗಿಸಿದರೆ ಉಪ್ಪೂ ಜೊತೆಗೇ ಬರುತ್ತದೆ. ಊಟದೆಲೆಯಲ್ಲಿ ಉಪ್ಪಿನಕಾಯಿಗೆ ಒಂದು ಮೂಲೆಯಷ್ಟೇ. ಕಳೆಗೂ ಅಷ್ಟೇ.

ಕಚ್ಚಾಮಾಲು ಎಲ್ಲಿಂದ ಬರಬೇಕು? ಕಾರವಾರದ, ಸೋಮೇಶ್ವರದ ಬಂಡೆಗಳಲ್ಲಿ ಕಳೆ ಇದೆ, ನಿಜ. ಮಳೆಗಾಲದಲ್ಲಿ ಕಾಳಿ, ಶರಾವತಿ, ನೇತ್ರಾವತಿಯ ಸಿಹಿನೀರು ಕರಾವಳಿಗೆ ನುಗ್ಗಿ ಉಪ್ಪಿನಂಶ ಇಳಿಯುತ್ತದೆ, ಅಲೆಗಳೂ ಕಳೆಯನ್ನು ನಿಲ್ಲಗೊಡವು. ವರ್ಷವಿಡೀ ಕೃಷಿ ಅಲ್ಲಿ ಕಷ್ಟ. ಹಾಗೆಂದು ಬಂಡೆ ಕೆರೆದು ತರುವುದು ಬೇಡ. ಅಲ್ಲಿನ ಕಳೆ ಮರಿಮೀನುಗಳ ಆಸರೆ. ಸದ್ಯಕ್ಕೆ ನಮ್ಮ ಕಣ್ಣು ತಮಿಳುನಾಡಿನ ರಾಮನಾಥಪುರದ ಮೇಲೆ. ಭಾವನಗರದ ಉಪ್ಪು ಮತ್ತು ಕಡಲ ರಾಸಾಯನಿಕಗಳ ಸಂಶೋಧನಾ ಸಂಸ್ಥೆ ಸಿಎಸ್‌ಎಂಸಿಆರ್‌ಐ 1984ರಲ್ಲಿ ದೇಶಕ್ಕೆ ತಂದ ಕಪ್ಪಾಫೈಕಸ್ ಅಲ್ಲಿ ಸ್ವಸಹಾಯ ಸಂಘಗಳ ಹೆಂಗಸರ ದುಡಿಮೆಯಾಯಿತು. ಅಲ್ಲಿಯ ಕುರುಸಡೈ ದ್ವೀಪದ ಹವಳದ ಮೇಲೆ ಅದು ಹಬ್ಬಿದೆ ಎಂದು 2008ರಲ್ಲಿ ವರದಿಯೂ ಆಯಿತು. ನಮ್ಮ ಮನೆಯ ಗೋಲ್ಡ್‌ಫಿಶ್ ಮಿಂಚಲೆಂದು ಇನ್ನೊಂದು ಕಡಲಿನ ಹವಳ ಮುಚ್ಚಿಹೋಗಬಾರದು. ಕೊಳ್ಳುವವರು ಮಾಲು ಯಾವ ತೀರದ್ದು, ಬೆಳೆದದ್ದೋ ಕಿತ್ತದ್ದೋ ಎಂದು ವಿಚಾರಿಸಲೇಬೇಕು.

ವಿದ್ಯಾರ್ಥಿಗಳಿಗೆ ಒಂದು ಮಾತು. ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರ ಇಲ್ಲಿಂದ ದೂರವಿಲ್ಲ. ಅಲ್ಲಿಯೋ, ನಿಮ್ಮ ಮನೆಯ ತಾರಸಿಯಲ್ಲೋ ಪ್ರಯೋಗ ಮಾಡುವಾಗ ಕಳೆ ತಿನ್ನಿಸಿದ, ತಿನ್ನಿಸದ ಎರಡೂ ತೊಟ್ಟಿಗೆ ಒಂದೇ ದೀಪ, ಒಂದೇ ಬಣ್ಣದ ತಳ ಇರಲಿ. ಹಿನ್ನೆಲೆಗೆ ತಕ್ಕಂತೆಯೂ ಮೀನು ಬಣ್ಣ ಬದಲಿಸುತ್ತದೆ. ನೀಲಿ ಎಲ್‌ಇಡಿ ಕೆಳಗೆ ತೆಗೆದ ಫೋಟೋ ಪುರಾವೆಯಲ್ಲ. ಕಳೆ ನಿಲ್ಲಿಸಿದ ಮೇಲೆ ಬಣ್ಣ ಎಷ್ಟು ದಿನ ಉಳಿಯಿತು ಎಂಬುದನ್ನೂ ಬರೆದಿಡಿ. ಮುಖ್ಯವಾಗಿ, ಕ್ಲೋರಿನ್ ಹೋಗಲಾಡಿಸಿದ ನಲ್ಲಿಯ ನೀರಿನಲ್ಲೇ ಮಾಡಿ. ಗಿರಾಕಿಯ ಮೀನು ಬದುಕುವುದು ಪ್ರಯೋಗಾಲಯದ ನೀರಿನಲ್ಲಲ್ಲ.

ನನ್ನ ಮಾತು ಮುಗಿಯುವಷ್ಟರಲ್ಲಿ ಲೋಟದ ಪೆಲೆಟ್‌ಗಳೂ ಚೆನ್ನಾಗಿ ನೆನೆದಿವೆ. ಕಾಫಿಗೆ ಏಳುವಾಗ ಎರಡನ್ನೂ ಮೆಲ್ಲಗೆ ಅಲ್ಲಾಡಿಸಿ ನೋಡಿ, ಯಾವ ನೀರು ಎಷ್ಟು ಕಲಕಿತು ಎಂದು ಗುರುತು ಹಾಕಿಕೊಳ್ಳಿ. ಮೊದಲ ಗೋಷ್ಠಿಯನ್ನು ಅಲ್ಲಿಂದ ಶುರು ಮಾಡೋಣ.